ಆಮೆಯಮ್ಮನ ಹೊಸ ನೆರೆಯವ

ಹೊಳೆ ದಂಡೆಯ ಬಣ್ಣದ ಕಾರ್ಖಾನೆಗೆ ಎರಡು ಕೊಳವೆಗಳಿದ್ದವು. ಹರಿವಿನ ಮೇಲುಗಡೆಯದು ತಿಳಿನೀರು ಹೀರುತ್ತಿತ್ತು, ಕೆಳಗಡೆಯದು ಕೊಳಕು ಕಕ್ಕುತ್ತಿತ್ತು. ಅದಕ್ಕೂ ಕೆಳಗೆ ಆಮೆಯಮ್ಮನ ಸಂಸಾರ.

"ನನ್ನ ಮರಿಗಳು ಸಾಯುತ್ತಿವೆಯಪ್ಪಾ!" ಎಂದು ಅವಳು ಗೋಗರೆದಾಗಲೆಲ್ಲ ಕಕ್ಕುವ ಕೊಳವೆ ನಗುತ್ತಿತ್ತು: "ಇಷ್ಟು ದೊಡ್ಡ ಹೊಳೆಗೆ ನನ್ನ ನಾಲ್ಕು ತೊಟ್ಟು ಯಾವ ಲೆಕ್ಕ?"

ಅಷ್ಟರಲ್ಲಿ ದೇಶಕ್ಕೆ ಹೊಸ ಕಾಯ್ದೆ ಬಂತು. ಹೊಳೆಗೆ ನೀರು ಬಿಡುವವರು ತಾವು ಬಿಟ್ಟ ಜಾಗದ ಕೆಳಗಿನಿಂದಲೇ ನೀರೆತ್ತಬೇಕಂತೆ. ಹೀರುವ ಕೊಳವೆಯನ್ನು ಕಿತ್ತು ತಂದು ಆಮೆಯಮ್ಮನ ಪಕ್ಕದಲ್ಲೇ ಕೂರಿಸಿದರು.

ಮೊದಲ ಗುಟುಕಿಗೇ ಅದು ಅರಚಿತು: "ಅಯ್ಯೋ ಅಣ್ಣಾ, ವಿಷ! ನಿಲ್ಲಿಸೋ!"

ಕಾರ್ಖಾನೆಯವರು ಬೆಚ್ಚಿಬಿದ್ದರು. ಅಂದಿನಿಂದ ಕೊಳಕನ್ನು ಸೋಸಿ, ತಿಳಿಯಾದ ಮೇಲೇ ಹೊಳೆಗೆ ಬಿಟ್ಟರು.

ಆಮೆಯಮ್ಮ ಹಾಯಾಗಿ ಕತ್ತು ಹೊರಚಾಚಿ, ಮರಿಗಳನ್ನು ನೀರಿಗಿಳಿಸಿ, ಹೊಸ ನೆರೆಯವನಿಗೆ ಹೇಳಿದಳು: "ಇಲ್ಲೇ ಇರಪ್ಪಾ, ಎಲ್ಲಿಗೂ ಹೋಗಬೇಡ."