ಆಲೂಗಡ್ಡೆಗೆ ಕೌದಿ ಹೊದಿಸಿದ ತಿಪ್ಪವ್ವ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಳೆಗಳಿಗೆ ಹೊಲ ಹಂಚುವ ದಿನ ಜೋಳ ಬಂತು, ಕಡಲೆ ಬಂತು, ಬದನೆಕಾಯಿ ತಲೆಗೆ ಟೊಪ್ಪಿಗೆ ಇಟ್ಟುಕೊಂಡು ಠೀವಿಯಿಂದ ಬಂತು. ಆಲೂಗಡ್ಡೆಗೆ ಮಾತ್ರ ಗಾಢ ನಿದ್ದೆ. ಎದ್ದು ಉರುಳುತ್ತ ಉರುಳುತ್ತ ಬರುವಷ್ಟರಲ್ಲಿ ಹೊಲವೆಲ್ಲ ಮುಗಿದುಹೋಗಿತ್ತು.

ಹಾಸುಬಂಡೆಯ ಮೇಲೆ ತಿಪ್ಪವ್ವ ಎಂಬ ಮುದುಕಿ ಒಬ್ಬಳೇ ಕೂತು, ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಅವಳ ಅಂಗಳದಲ್ಲಿ ಬರೀ ಕಲ್ಲು. ಒಂದು ಹಸಿರೆಲೆಯನ್ನಾದರೂ ಕಾಣಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು.

"ಯವ್ವಾ, ನನಗೊಂದೀಟು ಜಾಗಾ ಕೊಡ್ತೀಯೇನು? ನನ್ನ ಎಲಿಗೆ ಬಿಸಿಲು ಬೇಕು. ಆದ್ರ ನನ್ನ ಮಕ್ಕಳಿಗೆ ಮಾತ್ರ ಬೆಳಕು ಸೋಕಬಾರ್ದು," ಎಂದಿತು ಆಲೂಗಡ್ಡೆ.

"ಬಾ ನನ ತಂಗಿ. ಹೊಲ ಇಲ್ಲಂದ್ರ ಏನಾತು, ಚೀಲ ಹೊಲಿತೀನಿ. ನಿನ್ನ ಮಕ್ಕಳನ್ನ ಬೆಳಕಿಗೆ ತೋರ್ಸಂಗಿಲ್ಲ. ಮಾತು ಕೊಟ್ಟೀನಿ," ಎಂದಳು ತಿಪ್ಪವ್ವ.

ಅವಳು ಕೌದಿಯ ಬಟ್ಟೆಯಲ್ಲೇ ದಪ್ಪನೆಯ ಚೀಲ ಹೊಲಿದಳು. ನೀರು ಬಸಿಯಲೆಂದು ತಳಕ್ಕೆ ಹೊಲಿಗೆ ಸಡಿಲ ಹಾಕಿದಳು. ಹಳ್ಳದಿಂದ ಉಡಿಯಲ್ಲಿ ಮಣ್ಣು ತಂದು ತುಂಬಿ, ಆಲೂಗಡ್ಡೆಯನ್ನು ಅದರೊಳಗೆ ಮಲಗಿಸಿದಳು. ಕುಡಿ ಮೇಲೆ ಬಂತು, ತಿಪ್ಪವ್ವ ಮಣ್ಣು ಹೊದಿಸಿದಳು. ಮತ್ತೆ ಕುಡಿ ಮೇಲೆ ಬಂತು, ಮತ್ತೆ ಮಣ್ಣು ಹೊದಿಸಿದಳು. ಒಳಗೆ ಆಲೂಗಡ್ಡೆಯ ಮಕ್ಕಳು ಕಣ್ಣೇ ಇಲ್ಲದೆ ಸುಖವಾಗಿ ಮಲಗಿದ್ದವು.

ಇತ್ತ ಸೂರ್ಯನಿಗೆ ಕುತೂಹಲ ತಡೆಯಲಾಗಲಿಲ್ಲ. "ತಿಪ್ಪವ್ವಾ, ಚೀಲದಾಗ ಏನೈತಿ?"

"ಏನಿಲ್ಲೋ ನಮ್ಮಪ್ಪಾ."

"ನಿನ್ನ ಹಸಿ ಕೌದಿ ಒಣಗಿಸಿಕೊಡಾಂವ ಯಾರು? ನನಗ ಒಂದ್ಸಲ ತೋರ್ಸಾಕ ಆಗಂಗಿಲ್ಲೇನು?"

ತಿಪ್ಪವ್ವ ಮುಲಾಜಿಗೆ ಬಿದ್ದಳು. ದಿನಾ ಕೌದಿ ಒಣಗಿಸಿಕೊಡುವವನಿಗೆ ಹೇಗೆ ಒಲ್ಲೆ ಅನ್ನುವುದು? ಒಂದು ಬದಿಯ ಹೊಲಿಗೆ ಬಿಚ್ಚಿದಳು.

ಸೂರ್ಯ ಪ್ರೀತಿಯಿಂದಲೇ ಇಣುಕಿದ. ಆದರೆ ಬೆಳಕು ಸೋಕಿದ ಎಳೆಯ ಗಡ್ಡೆಗಳು ಬೆಚ್ಚಿಬಿದ್ದು ಹಸಿರಾದವು, ಕಹಿಯಾದವು. ಅಂಜಿಕೆಗೆ ಎಲ್ಲ ಮಕ್ಕಳ ಮೈತುಂಬ ಕಣ್ಣು ತೆರೆದುಕೊಂಡವು. ತಾಯಿ ಆಲೂಗಡ್ಡೆ ಬೈಯಲಿಲ್ಲ, ಎಲೆ ಜೋಲುಬಿಟ್ಟಿತು. ಬೈದಿದ್ದರೇ ಚೆನ್ನಾಗಿತ್ತು ಎನಿಸಿ ತಿಪ್ಪವ್ವ ಬಿಕ್ಕಿ ಬಿಕ್ಕಿ ಅತ್ತಳು. ಸೂರ್ಯನೂ ನಾಚಿ ಮೋಡದ ಹಿಂದೆ ಸರಿದ.

ಆಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದಳು. ತಾನು ಹೊದೆಯುತ್ತಿದ್ದ ಒಂದೇ ಒಂದು ಕೌದಿಯನ್ನು ಹರಿದು ಚೀಲಕ್ಕೆ ತೇಪೆ ಹಾಕಿದಳು. ಮೇಲೆ ಇನ್ನಷ್ಟು ಮಣ್ಣು ಹೊದಿಸಿದಳು. ಅವತ್ತು ಚಳಿಯಲ್ಲಿ ಚೀಲವನ್ನೇ ತಬ್ಬಿಕೊಂಡು ಮಲಗಿದಳು.

ಬೆಳಗಾಗುವಷ್ಟರಲ್ಲಿ ಎಲೆ ತಲೆಯೆತ್ತಿತ್ತು.

"ಅಳಬ್ಯಾಡ ಯವ್ವಾ," ಎಂದಿತು ಆಲೂಗಡ್ಡೆ. "ಹಸಿರಾದವನ್ನ ತಿನಬ್ಯಾಡ, ಬಿತ್ತಾಕ ಇಡು. ಉಳಿದವು ಬಲಿತ ಮ್ಯಾಲೆ ನನ್ನ ಎಲಿ ಹಳದಿ ಮಾಡಿ ಹೇಳ್ತೀನಿ. ಆಗ ನಿನ್ನ ಗಡಿಗಿ ತುಂಬಿಸ್ಕೋ."

ಅಂದಿನಿಂದ ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಬೆಳಕಿಗೆ ಬಿದ್ದರೆ ಇಂದಿಗೂ ಅದು ಹಸಿರಾಗಿ ಕಹಿಯಾಗುತ್ತದೆ. ನಿಮ್ಮಜ್ಜಿ ಮಾಳಿಗೆಯ ಮೇಲೆ ಹಳೆ ಅಕ್ಕಿ ಚೀಲದಲ್ಲಿ ಆಲೂಗಡ್ಡೆ ಬೆಳೆಯುತ್ತಾಳಲ್ಲ, ಕುಡಿ ಮೇಲೆ ಬಂದಾಗಲೆಲ್ಲ ಬೊಗಸೆ ಬೊಗಸೆ ಮಣ್ಣು ಹಾಕುತ್ತಾಳಲ್ಲ, ಅದು ತಿಪ್ಪವ್ವ ಕೊಟ್ಟ ಮಾತನ್ನು ಅಜ್ಜಿ ಇನ್ನೂ ನಡೆಸಿಕೊಡುತ್ತಿರುವುದು.