ಸತುವಿನ ಜಾಗದಲ್ಲಿ

ತಿಪ್ಪೇಸ್ವಾಮಿ ಮೇಷ್ಟ್ರ ಬಳಿ ನಸೀಮಾ ಎಂಬ ಶಿಷ್ಯೆ ಇದ್ದಳು. ಮೂವರು ಪ್ರಾಧ್ಯಾಪಕರು ಅವಳನ್ನು ಬೇಡವೆಂದಿದ್ದರು. ಮೇಷ್ಟ್ರು ಮಾತ್ರ ಕಿಟಕಿ ಪಕ್ಕದ ಮೇಜು ತೋರಿಸಿ, "ಅಲ್ಲಿ ಬೆಳಕು ಚೆನ್ನಾಗಿದೆ, ಕೂತ್ಕೋ" ಎಂದಿದ್ದರು.

ಮೇಷ್ಟ್ರ ಪ್ರಯೋಗಾಲಯದಲ್ಲಿ ಪ್ರೋಟೀನಿನ ಹರಳು ಬೆಳೆಸುತ್ತಿದ್ದರು. ಸಾಸಿವೆಗಿಂತ ಸಣ್ಣ ಹರಳು. ಅದಕ್ಕೆ ಎಕ್ಸ್-ಕಿರಣ ಹಾಯಿಸಿದರೆ ಒಳಗಿನ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ತಿಳಿಯುತ್ತದೆ.

ಮೇಷ್ಟ್ರು ಹರೆಯದಲ್ಲಿ ಒಂದು ಪ್ರೋಟೀನಿನ ನಟ್ಟನಡುವೆ ಲೋಹದ ಪರಮಾಣುವೊಂದನ್ನು ಕಂಡಿದ್ದರು. ಅದು ಸತು ಎಂದು ಬರೆದರು. ಎಲ್ಲರೂ ಒಪ್ಪಿದರು. ಆ ಚಿತ್ರ ಪಠ್ಯಪುಸ್ತಕ ಸೇರಿತು.

ಈಗ ಅವರ ನಿವೃತ್ತಿ ಹತ್ತಿರವಿತ್ತು. ಹಳೆಯ ಶಿಷ್ಯರು ಅಭಿನಂದನ ಗ್ರಂಥ ತರುತ್ತಿದ್ದರು. ಮುಖಪುಟಕ್ಕೆ ಅದೇ ಚಿತ್ರ.

ಒಂದು ದಿನ ಮೇಷ್ಟ್ರು ಹೇಳಿದರು: "ನಮ್ಮ ಕಾಲದಲ್ಲಿ ಕಿರಣದ ಶಕ್ತಿ ಬದಲಾಯಿಸೋಕೆ ಆಗ್ತಿರಲಿಲ್ಲ. ಈಗ ಆಗುತ್ತೆ. ಒಂದೊಂದು ಲೋಹಕ್ಕೂ ತನ್ನದೇ ಶಕ್ತಿ. ಆ ಶಕ್ತಿ ತಾಗಿದಾಗ ಮಾತ್ರ ಆ ಲೋಹ ಓಗೊಡುತ್ತೆ. ಹೋಗಿ ಕರೆದು ನೋಡು."

ನಸೀಮಾ ಹರಳುಗಳನ್ನು ತಣ್ಣನೆಯ ಡಬ್ಬಿಯಲ್ಲಿಟ್ಟುಕೊಂಡು, ರೈಲು ಹತ್ತಿ, ದೂರದ ಕಿರಣ ಕೇಂದ್ರಕ್ಕೆ ಹೋದಳು.

ಸತುವಿನ ಶಕ್ತಿಯಲ್ಲಿ ಕರೆದಳು. ಪರದೆಯ ಮೇಲಿನ ಗೆರೆ ಮಲಗಿದಲ್ಲೇ ಮಲಗಿತ್ತು.

ಕಬ್ಬಿಣದ ಶಕ್ತಿಯಲ್ಲಿ ಕರೆದಳು. ಗೆರೆ ನೆಟ್ಟಗೆ ಎದ್ದು ನಿಂತಿತು.

ಗ್ರಂಥದ ಮುಖಪುಟ ಅವಳ ಕಣ್ಣ ಮುಂದೆ ಬಂತು.

ವಾಪಸು ಬಂದಾಗ ಮೇಷ್ಟ್ರು ಕೇಳಿದರು, "ಏನಂತು?"

"ಕಿರಣ ಸರಿ ಇರಲಿಲ್ಲ ಸರ್."

"ಹಾಗಾದರೆ ಇನ್ನೊಂದು ಸಲ ಹೋಗು."

ಹೋದಳು. ಈ ಸಲ ಕಬ್ಬಿಣದ ಶಕ್ತಿಗಿಂತ ತುಸು ಕೆಳಗೊಮ್ಮೆ, ತುಸು ಮೇಲೊಮ್ಮೆ ಅಳೆದಳು. ಕೆಳಗೆ, ಲೋಹ ಕೂತ ಜಾಗ ಸಪ್ಪೆ. ಮೇಲೆ ಅದೇ ಜಾಗ ಗುಡ್ಡದ ಹಾಗೆ ಉಬ್ಬಿತ್ತು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ.

"ಈಗ?" ಎಂದರು ಮೇಷ್ಟ್ರು.

"ಹರಳು ಒಡೆದುಹೋಯ್ತು ಸರ್."

ಮೇಷ್ಟ್ರು ತಲೆಯಾಡಿಸಿ ಹೋದರು.

ಅಂದಿನಿಂದ ನಸೀಮಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಗಾಜಿನ ಸಾಮಾನನ್ನೇ ಮತ್ತೆ ತೊಳೆದಳು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದಳು. ಮೇಷ್ಟ್ರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಎದ್ದು ಉಗ್ರಾಣಕ್ಕೆ ಹೋಗಿ ಇಲ್ಲದ ಬಾಟಲಿ ಹುಡುಕುತ್ತಿದ್ದಳು. ಯಾರೂ ಬೇಡವೆಂದವಳಿಗೆ ಜಾಗ ಕೊಟ್ಟವರು. ಅವರ ಜಾಗವನ್ನು ತಾನೇ ಕಿತ್ತುಕೊಳ್ಳುವುದೇ? ಗ್ರಂಥ ಬರಲಿ, ಸಮಾರಂಭ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಳು. ಮರುಗಳಿಗೆಗೆ ಅದೂ ಸಮಾಧಾನ ತರಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. "ಒಂದು ಹರಳು ಎತ್ತು. ಈ ಸಲ ನಾನೂ ಬರ್ತೀನಿ."

ಕೂದಲೆಳೆಯಷ್ಟು ಸಣ್ಣ ಕುಣಿಕೆಯನ್ನು ಅವಳು ಹರಳು ಬೆಳೆದ ಹನಿಯೊಳಗೆ ಇಳಿಸಿದಳು. ಹರಳು ಜಾರಿತು. ಮತ್ತೆ ಇಳಿಸಿದಳು. ಮತ್ತೆ ಜಾರಿತು.

"ನಿನ್ನ ಕೈಯಿಂದ ಹರಳು ಜಾರಿದ್ದು ನಾನು ಯಾವತ್ತೂ ನೋಡಿರಲಿಲ್ಲ," ಎಂದರು ಮೇಷ್ಟ್ರು.

ನಸೀಮಾ ಕುಣಿಕೆ ಕೆಳಗಿಟ್ಟಳು.

"ಅದು ಸತು ಅಲ್ಲ ಸರ್. ಕಬ್ಬಿಣ."

ಮೇಷ್ಟ್ರು ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಅವರ ದನಿ ಬಿರುಸಾಯಿತು.

"ಕಬ್ಬಿಣ ಹನಿಯ ನೀರಿನಲ್ಲಿ ಇದ್ದಿರಬಹುದು. ಗೆರೆ ಎದ್ದರೆ ಅದು ಆ ಜಾಗದಲ್ಲೇ ಇದೆ ಅಂತ ಏನು ಗ್ಯಾರಂಟಿ?"

"ಕೆಳಗೂ ಮೇಲೂ ಅಳೆದೆ ಸರ್. ವ್ಯತ್ಯಾಸ ಆ ಜಾಗದಲ್ಲಿ ಮಾತ್ರ ಕಾಣ್ತು."

"ಎಷ್ಟು ಹರಳು?"

"ಮೂರು."

"ನೀನು ತಯಾರಿಸುವಾಗ ಸತು ಬಿದ್ದುಹೋಗಿ ಕಬ್ಬಿಣ ಸೇರಿಕೊಂಡಿದ್ದರೆ?"

"ಫ್ರೀಜರಿನ ತಳದಲ್ಲಿ ನಿಮ್ಮ ಕೈಬರಹದ ಚೀಟಿ ಇದ್ದ ಹಳೇ ಪ್ರೋಟೀನಿನ ಸೀಸೆ ಸಿಕ್ಕಿತ್ತು. ಮೂರನೇ ಹರಳು ಅದರದ್ದೇ ಸರ್."

ಮೇಷ್ಟ್ರು ಮತ್ತೆ ಕೇಳಿದರು, ಅವಳು ಮತ್ತೆ ಹೇಳಿದಳು. ಉತ್ತರಿಸುತ್ತ ಉತ್ತರಿಸುತ್ತ ಅವಳಿಗೆ ಭಯ ಮರೆತೇಹೋಯಿತು. ಕೊನೆಗೆ ಪ್ರಶ್ನೆಗಳು ಮುಗಿದವು.

ಮೇಷ್ಟ್ರು ಅವಳ ಟಿಪ್ಪಣಿ ಪುಸ್ತಕ ಎಳೆದುಕೊಂಡು ಮೂರೂ ಹರಳಿನ ಅಂಕಿಗಳನ್ನು ತಾವೇ ಓದಿದರು.

ಆಮೇಲೆ ಫೋನು ತೆಗೆದು ಗ್ರಂಥದ ಸಂಪಾದಕರಿಗೆ ಹೇಳಿದರು: "ಮುಖಪುಟದ ಚಿತ್ರ ತೆಗೀರಿ. ತಪ್ಪಿದೆ. ಯಾರು ಹೇಳಿದ್ರು ಅಂದ್ರೆ? ನನ್ನ ವಿದ್ಯಾರ್ಥಿನಿ ನಸೀಮಾ. ಹೆಸರು ಬರ್ಕೊಳ್ಳಿ."

ನಸೀಮಾಳ ಕಣ್ಣು ತುಂಬಿತು. "ನಿಮ್ಮ ಹೆಸರು ಉಳೀಲಿ ಅಂತ ಸುಮ್ಮನಿದ್ದೆ ಸರ್."

"ಖಾತ್ರಿಯಾಗಿ ಎಷ್ಟು ದಿನ ಆಯ್ತು?"

"ಹದಿನೇಳು."

ಮೇಷ್ಟ್ರು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ಗೊತ್ತಿಲ್ಲದೆ ನಾನು ಮೂವತ್ತಾರು ವರ್ಷ ಅದನ್ನ ಸತು ಅಂದೆ. ಗೊತ್ತಿದ್ದೂ ನೀನು ಹದಿನೇಳು ದಿನ ನನ್ನ ಬಾಯಲ್ಲಿ ಹಾಗೇ ಹೇಳಿಸಿದೆ. ಎರಡರಲ್ಲಿ ಯಾವುದು ಉದ್ದ, ನಸೀಮಾ?"