ಮಣೆ ಮೇಲೆ ಕೂತ ಮಾಲೀಕರು

ನಮ್ಮ ವಠಾರದ ಮಹಡಿ ಮೇಲಿನ ಅಜ್ಜಿ ಹಿಂದೆ ಶಾಲೆಯೊಂದರಲ್ಲಿ ಆಯಾ ಆಗಿದ್ದವರು. ಒಬ್ಬರೇ ಇರುತ್ತಾರೆ. ನೀರು ಹೊರುತ್ತಾರೆ, ನೆಲದ ಮೇಲೆ ಕೂತೇ ತರಕಾರಿ ಹೆಚ್ಚುತ್ತಾರೆ, ಮಧ್ಯಾಹ್ನ ಚೌಕಾಬಾರದಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಾರೆ.

ಒಂದು ದಿನ ಮನೆ ಮಾಲೀಕ ಚನ್ನವೀರಪ್ಪನವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಅಜ್ಜಿ, ಮನೆ ಖಾಲಿ ಮಾಡಿ. ಈ ವಯಸ್ಸಲ್ಲಿ ಬಿದ್ದುಗಿದ್ದರೆ ಎತ್ತೋರು ಯಾರು? ವೃದ್ಧಾಶ್ರಮದಲ್ಲಿ ಒಂದು ಜಾಗ ನೋಡಿದ್ದೀನಿ."

"ಆಗಲಿ ಸ್ವಾಮಿ. ಹೋಗೋಕೆ ಮುಂಚೆ ಒಂದು ಸಲ ನನ್ನ ಕೈಯಡುಗೆ ಉಂಡುಬಿಡಿ," ಎಂದರು ಅಜ್ಜಿ. ಇದ್ದೊಂದು ಕುರ್ಚಿಯ ಮೇಲೆ ಆಗಲೇ ಸಂಡಿಗೆ ಹರವಿಟ್ಟಿದ್ದರು. ಮಾಲೀಕರಿಗೆ ನೆಲದ ಮೇಲೆ ಮಣೆ ಹಾಕಿದರು.

ಹೋಳಿಗೆಯ ಮೇಲೆ ಹೋಳಿಗೆ ಬಿತ್ತು. ಊಟ ಮುಗಿಯಿತು. ಮಾಲೀಕರು ಮಾತ್ರ ಏಳಲಿಲ್ಲ. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಗೋಡೆ ಹಿಡಿಯೋಣವೆಂದರೆ ಗೋಡೆ ದೂರವಿತ್ತು.

"ಅಜ್ಜಿ, ಸ್ವಲ್ಪ ಕೈ ಕೊಡಿ."

"ಅಯ್ಯೋ, ನನಗೆ ವಯಸ್ಸಾಗಿದೆಯಲ್ಲ! ಎತ್ತೋಕೆ ಹೋಗಿ ನಾನೇ ಬಿದ್ದರೆ? ಇರಿ, ವಠಾರದವರನ್ನೆಲ್ಲ ಕೂಗ್ತೀನಿ."

"ಬೇಡ ಬೇಡ! ನೀವು ಗಟ್ಟಿಮುಟ್ಟಾಗಿದ್ದೀರಿ!"

"ಒಬ್ಬಳೇ ಇರೋವಷ್ಟು?"

ಮಾಲೀಕರ ಎಂಜಲು ಕೈ ಒಣಗುತ್ತಿತ್ತು. "ಹೂಂ, ಇರೋವಷ್ಟು! ಇಲ್ಲೇ ಇರಿ, ಯಾರು ಬೇಡ ಅಂದರು?"

ಅಜ್ಜಿ ಸೆರಗು ಸಿಕ್ಕಿಸಿ, ಒಂದೇ ಎಳೆತಕ್ಕೆ ಅವರನ್ನು ಎಬ್ಬಿಸಿ ನಿಲ್ಲಿಸಿದರು.

ಮಾಲೀಕರು ಕಂಬಿ ಹಿಡಿದು ಮೆಟ್ಟಿಲು ಇಳಿಯುವಾಗ ಅಜ್ಜಿ ಮೇಲಿನಿಂದ ಕೂಗಿದರು: "ನಿಧಾನ ಸ್ವಾಮಿ! ದಿನಾ ಬಂದು ಮಣೆ ಮೇಲೆ ಕೂತು ಎದ್ದು ಹೋಗಿ. ಇಲ್ಲದಿದ್ದರೆ ನೀವು ನೋಡಿಟ್ಟ ಜಾಗ ನಿಮಗೇ ಬೇಕಾದೀತು!"